ಯೆಹೂದ್ಯರ ಜಾತ್ರೆ, ನಮ್ಮಜ್ಜಿಯ ಹಕ್ಕಲು

ಮೂರ್ನಾಲ್ಕು ವರ್ಷದ ಹಿಂದಿನ ಮಾತು. ಮದ್ದೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆಯವರು ಹೋಗುವ ಪ್ರಾರ್ಥನಾ ಮನೆಗೆ ಬೇರೆ ಊರಿನಿಂದ ಒಬ್ಬರು ಪ್ರಸಂಗಿ ಬಂದಿದ್ದರು. ಹಾಡು ಮುಗಿದ ಮೇಲೆ ಬ್ಯಾಗಿನಿಂದ ಉದ್ದನೆಯ ಕೊಂಬೊಂದನ್ನು ತೆಗೆದು ಊದಿದರು. ಟಗರಿನ ಕೊಂಬು, ಯೆಹೂದ್ಯರು ಇದಕ್ಕೆ ಶೋಫಾರ್ ಅನ್ನುತ್ತಾರೆ ಎಂದರು. ಮುಂದೆ ಕೂತಿದ್ದ ಮಕ್ಕಳು ಕಿವಿ ಮುಚ್ಚಿಕೊಂಡವು.

ಆಮೇಲೆ ಅವರು ಹೇಳಿದ್ದು ಇಷ್ಟು: ದೇವರೇ ನೇಮಿಸಿದ ಹಬ್ಬಗಳು ಬೈಬಲ್ಲಿನಲ್ಲಿವೆ, ವಿಶ್ವಾಸಿಗಳು ಇನ್ನು ಮೇಲೆ ಅವನ್ನೇ ಮಾಡಬೇಕು. ಸಂಕ್ರಾಂತಿ, ಯುಗಾದಿ ಅಂತ ಅಕ್ಕಪಕ್ಕದವರ ಮನೆಗೆ ಹೋಗಿ ಎಳ್ಳುಬೆಲ್ಲ ತಿಂದು ಬರುವುದು ನಿಲ್ಲಬೇಕು.

ನಮ್ಮ ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೆಲ್ಲಗೆ ಕೇಳಿದರು: "ಮಾರಮ್ಮನ ಹಬ್ಬದ ಕೊಂಬು ಕಿವಿಗೆ ಬಿದ್ರೂ ಪಾಪ ಅಂತಿದ್ರಲ್ಲ, ಇದ್ಯಾವ ಕೊಂಬ್ಲಾ?"

ನಮಗೆ ನಗು ಬಂತು. ದೊಡ್ಡಪ್ಪನಿಗೆ ಸಿಟ್ಟು ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಈ ಚರ್ಚೆ ನಿಂತಿಲ್ಲ. ಯೇಸುವೇ ಯೆಹೂದ್ಯ, ಅವರು ಮಾಡಿದ ಹಬ್ಬ ನಾವ್ಯಾಕೆ ಮಾಡಬಾರದು ಅನ್ನುವುದು ದೊಡ್ಡಪ್ಪನ ವಾದ. ಹಬ್ಬ, ಅಮಾವಾಸ್ಯೆ, ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮ್ಮನ್ನು ತಪ್ಪು ಹಿಡಿಯದಿರಲಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದದ್ದನ್ನು ನಾವು ತೋರಿಸಿದೆವು. ಅವರು ಬೇರೆ ವಚನ ತೋರಿಸಿದರು. ವಚನಕ್ಕೆ ವಚನ ಹಾಕುವ ಈ ಆಟದಲ್ಲಿ ಯಾರೂ ಸೋಲುವುದಿಲ್ಲ, ಬಿಡಿ.

ಆದರೆ ಆ ನೆಪದಲ್ಲಿ ಯಾಜಕಕಾಂಡದ 23ನೇ ಅಧ್ಯಾಯವನ್ನು ನಾವು ಮೊದಲ ಸಲ ಸರಿಯಾಗಿ ಓದಿದೆವು. ಹಬ್ಬಗಳ ಪಟ್ಟಿ ಇರುವುದು ಅಲ್ಲೇ. ನಮ್ಮ ಹಳೆಯ ಕನ್ನಡ ಬೈಬಲ್ಲು ಅವುಗಳಲ್ಲಿ ದೊಡ್ಡವನ್ನು ಹಬ್ಬ ಅನ್ನುವುದಕ್ಕಿಂತ ಹೆಚ್ಚಾಗಿ ಜಾತ್ರೆ ಎಂದೇ ಕರೆಯುತ್ತದೆ. ಹುಳಿಯಿಲ್ಲದ ರೊಟ್ಟಿಗಳ ಜಾತ್ರೆ, ಪರ್ಣಶಾಲೆಗಳ ಜಾತ್ರೆ. ಅನುವಾದ ಮಾಡಿದವರ ಕಿವಿ ಚೆನ್ನಾಗಿತ್ತು. ಇಬ್ರಿಯ ಭಾಷೆಯ 'ಹಗ್' ಎಂಬ ಪದ ಯಾತ್ರೆ ಹೋಗಿ ಮಾಡುವ ಹಬ್ಬಕ್ಕೇ ಸಲ್ಲುತ್ತದೆ. ಮುಸಲ್ಮಾನರ ಹಜ್ ಕೂಡ ಅದೇ ಬೇರಿನದು. ನಮ್ಮ ಜಾತ್ರೆಯೂ ಯಾತ್ರೆಯಿಂದಲೇ ಬಂದ ಮಾತು. ವರ್ಷಕ್ಕೆ ಮೂರು ಸಲ ಜನ ಯೆರೂಸಲೇಮಿಗೆ ನಡೆದು ಹೋಗುತ್ತಿದ್ದರು. ಮೇಲುಕೋಟೆ ವೈರಮುಡಿಗೆ ಹೊರಟ ಜನರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಮೂರೂ ಬೇಸಾಯದ ಹಬ್ಬಗಳು. ಜವೆಗೋದಿ ಕೊಯ್ಲಿಗೆ ಪಸ್ಕ, ಗೋದಿ ಕೊಯ್ಲಿಗೆ ವಾರಗಳ ಹಬ್ಬ, ದ್ರಾಕ್ಷಿ ಮತ್ತು ಎಣ್ಣೆಕಾಯಿ ಒಳಗೆ ಬಂದ ಮೇಲೆ ಪರ್ಣಶಾಲೆ. ಅವರ ಪಂಚಾಂಗವೂ ಚಂದ್ರನದೇ. ನಮ್ಮಂತೆಯೇ ಅಧಿಕ ಮಾಸ ಸೇರಿಸುತ್ತಾರೆ, 19 ವರ್ಷಕ್ಕೆ ಏಳು. ಪಸ್ಕವೂ ಹುಣ್ಣಿಮೆಗೆ, ಪರ್ಣಶಾಲೆಯೂ ಹುಣ್ಣಿಮೆಗೆ. ಸುಗ್ಗಿ ಮಾಡುವುದು ಅನ್ಯರ ಆಚಾರ ಎಂದು ಬೈದ ಪ್ರಸಂಗಿಯ ಕೈಯಲ್ಲಿ ಇದ್ದದ್ದು ಸುಗ್ಗಿಯ ಪಟ್ಟಿಯೇ.

ನಮ್ಮ ಮೂರು ತಾಲೂಕಿನಲ್ಲಿ ಪೆಂತೆಕೋಸ್ತು ಎಂಬ ಮಾತು ಕೇಳದವರಿಲ್ಲ. ಅದು ಯಾವುದೋ ಸಭೆಯ ಹೆಸರು ಎಂದೇ ಎಲ್ಲರ ತಿಳಿವಳಿಕೆ. ಗ್ರೀಕಿನಲ್ಲಿ ಐವತ್ತನೆಯದು ಎಂದು ಅರ್ಥ. ಪಸ್ಕದಿಂದ ಏಳು ವಾರ ಎಣಿಸಿ ಐವತ್ತನೆಯ ದಿನ ಮಾಡುವ ಗೋದಿ ಸುಗ್ಗಿಯ ಹೆಸರು ಅದು. ಯೆಹೂದ್ಯರು ಶವುವೋತ್ ಅನ್ನುತ್ತಾರೆ. ಪವಿತ್ರಾತ್ಮ ಇಳಿದು ಬಂದ ದಿನ ಯೆರೂಸಲೇಮಿನಲ್ಲಿ ಅಷ್ಟೊಂದು ಊರಿನ ಜನ ಯಾಕೆ ಸೇರಿದ್ದರು? ಜಾತ್ರೆಗೆ ಬಂದಿದ್ದರು.

ಅದೇ 23ನೇ ಅಧ್ಯಾಯದಲ್ಲಿ, ಈ ಗೋದಿ ಹಬ್ಬದ ವಿಧಿ ಮುಗಿದ ಬೆನ್ನಿಗೇ, 22ನೇ ವಚನದಲ್ಲಿ ಒಂದು ಕಟ್ಟಳೆ ಇದೆ. ಹೊಲದ ಮೂಲೆಮೂಲೆಗೂ ಕುಡುಗೋಲು ಹಾಕಬೇಡಿ, ಬಿದ್ದ ತೆನೆ ಆರಿಸಿಕೊಳ್ಳಬೇಡಿ, ಅದು ಬಡವರಿಗೆ ಮತ್ತು ಪರದೇಶದವರಿಗೆ ಎಂದು. ಹಬ್ಬದ ಪಟ್ಟಿಯ ನಡುವೆ ಇದಕ್ಕೇನು ಕೆಲಸ ಎಂದು ನಮಗೆ ಮೊದಲು ಅನಿಸಿತು. ಯೆಹೂದ್ಯರು ಇವತ್ತಿಗೂ ಶವುವೋತ್ ದಿನ ರೂತಳ ಪುಸ್ತಕ ಓದುತ್ತಾರೆ. ಗಂಡ ಸತ್ತ, ಬೇರೆ ದೇಶದ ಹೆಂಗಸು, ಅತ್ತೆಯನ್ನು ಸಾಕಲು ಬೋವಜನ ಹೊಲದಲ್ಲಿ ಹಕ್ಕಲಾಯ್ದ ಕಥೆ.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಬೈಬಲ್ಲು ತೆಗೆದರೆ, "ಆ ಹಕ್ಕಲಾಯೋ ಹುಡುಗೀದು ಓದು" ಅನ್ನುತ್ತಿದ್ದರು. ಮಳವಳ್ಳಿ ಕಡೆಯ ಅವರ ಊರಿನಲ್ಲಿ ನಮಗೆ ಗೇಣು ಭೂಮಿ ಇರಲಿಲ್ಲ. ರಾಗಿ ಕೊಯ್ದ ಹೊಲದಲ್ಲಿ ಅಜ್ಜಿ ಹಕ್ಕಲಾಯ್ದು ಮಡಿಲು ತುಂಬಿಕೊಂಡು ಬಂದರೆ ಆ ವಾರಕ್ಕೆ ಮುದ್ದೆ. ಕೆಲವರು ಬೇಕೆಂದೇ ತೆನೆ ಬೀಳಿಸಿ ಹೋಗುತ್ತಿದ್ದರಂತೆ, ಬೋವಜನ ಆಳುಗಳ ಹಾಗೆ. ಕೆಲವರು ಮಡಿಲು ಬಿಚ್ಚಿಸಿ ಸುರಿಸಿಕೊಂಡದ್ದೂ ಉಂಟು. ಇವತ್ತು ಮೆಷಿನ್ ಬಂದು ಕೊಯ್ದು ಹೋಗುತ್ತದೆ. ಹಕ್ಕಲು ಎಂದರೇನು ಎಂದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕು.

ಕೊಂಬು ಊದಿದ ದಿನ ಈ 22ನೇ ವಚನದ ಸುದ್ದಿ ಯಾರೂ ಎತ್ತಲಿಲ್ಲ.

2023ರಲ್ಲಿ ದೊಡ್ಡಪ್ಪ ಮಾತು ಬಿಟ್ಟು ಕೆಲಸಕ್ಕೇ ಇಳಿದರು. ಮಳೆ ಕೈಕೊಟ್ಟ ವರ್ಷ ಅದು. ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ, ತಮಿಳುನಾಡಿಗೆ ನೀರು ಬಿಡಬೇಕೆಂದು ಆದೇಶ ಬಂದಿತ್ತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತು, 29ಕ್ಕೆ ಕರ್ನಾಟಕ ಬಂದ್. ಆ ಶುಕ್ರವಾರ ನಾವು ಬೆಳಗ್ಗಿನಿಂದ ಮಂಡ್ಯದಲ್ಲಿ ಫೋಟೊ ತೆಗೆದು, ಸುದ್ದಿ ಕಳಿಸಿ, ಸಂಜೆ ಬೈಕಿನಲ್ಲಿ ಮದ್ದೂರಿಗೆ ಹೋದರೆ ದೊಡ್ಡಪ್ಪನ ತಾರಸಿಯ ಮೇಲೆ ತೆಂಗಿನ ಗರಿಯ ಚಪ್ಪರ! ಒಳಗೆ ಬಣ್ಣದ ಲೈಟು. ಅಂದು ಹುಣ್ಣಿಮೆ. ಸೂರ್ಯ ಮುಳುಗುತ್ತಲೇ ಯೆಹೂದ್ಯರಿಗೆ ಪರ್ಣಶಾಲೆಗಳ ಹಬ್ಬ, ಅಂದರೆ ಸುಕ್ಕೋತ್, ಶುರುವಾಗಿತ್ತು.

ಐಗುಪ್ತದಿಂದ ಬಿಡಿಸಿಕೊಂಡು ಬಂದ ಮೇಲೆ ಅಡವಿಯಲ್ಲಿ ಗುಡಾರ ಹಾಕಿ ಅಲೆದ ನಲವತ್ತು ವರ್ಷದ ನೆನಪಿಗೆ, ಏಳು ದಿನ ಸೊಪ್ಪುಸದೆಯ ಗುಡಿಸಲಲ್ಲಿ ಉಂಡು ಮಲಗುವ ಹಬ್ಬ ಇದು. ಚಾವಣಿಯ ಸಂದಿನಲ್ಲಿ ನಕ್ಷತ್ರ ಕಾಣುವಂತಿರಬೇಕು ಎನ್ನುವುದು ಅವರ ಕ್ರಮ. ದೇವಾಲಯ ಇದ್ದ ಕಾಲದಲ್ಲಿ ಈ ಹಬ್ಬದ ದಿನಗಳಲ್ಲಿ ಸಿಲೋವದ ಕೊಳದಿಂದ ನೀರು ತಂದು ಬಲಿಪೀಠಕ್ಕೆ ಹೊಯ್ಯುತ್ತಿದ್ದರು. ಹಬ್ಬ ಮುಗಿದೊಡನೆ ಮಳೆಗಾಗಿ ಪ್ರಾರ್ಥನೆ. ಯೇಸು ಇದೇ ಜಾತ್ರೆಯ ಕೊನೆಯ ದಿನ ಎದ್ದು ನಿಂತು, ಬಾಯಾರಿದವರು ನನ್ನ ಬಳಿಗೆ ಬರಲಿ ಎಂದು ಕೂಗಿದ್ದು ಯೋಹಾನನ ಏಳನೇ ಅಧ್ಯಾಯದಲ್ಲಿದೆ. ಇಡೀ ದಿನ ನೀರು ನೀರು ಎಂಬ ಕೂಗು ಕೇಳಿ ಬಂದಿದ್ದ ನಮಗೆ ಆ ಮಾತು ಅಂದು ಬೇರೆಯೇ ಕೇಳಿಸಿತು. ಇಷ್ಟರಲ್ಲಿ ದೊಡ್ಡಪ್ಪನದೇ ಗೆಲುವು.

ಅಜ್ಜಿಯನ್ನು ಮೊಮ್ಮಕ್ಕಳು ಕೈ ಹಿಡಿದು ಮೇಲೆ ಕರೆತಂದರು. ಗರಿಯನ್ನು ಮುಟ್ಟಿ ನೋಡಿದರು. "ಏಸ್ ದಿನ ಮಲಗ್ಬೇಕು ಇದ್ರಲ್ಲಿ?"

"ಏಳು ದಿನ ಕಣವ್ವ."

"ನಾನೂ ನಿಮ್ಮಪ್ಪನೂ ನಲವತ್ತು ವರ್ಸ ಮಲಗಿದ್ವಲ್ಲೋ, ಅದು ಯಾವ ಹಬ್ಬ?"

ದೊಡ್ಡಪ್ಪ ಮಾತಾಡಲಿಲ್ಲ. ಅವರು ಹುಟ್ಟಿದ್ದೂ ಸೋಗೆ ಗುಡಿಸಲಲ್ಲೇ. ಲೈಟು ಆರಿಸಿ ಅಂದರು ಅಜ್ಜಿ. ಚಂದ್ರ ಮೇಲೆ ಬರುವವರೆಗೆ ಅಲ್ಲೇ ಕೂತು, ನಾವು ಯಾವತ್ತೂ ಕೇಳದ ಸಂಗತಿ ಹೇಳಿದರು. ನಮ್ಮ ತಾತ ಜೀತಕ್ಕಿದ್ದವರು. ಅಪ್ಪ ಮಾಡಿದ ಸಾಲಕ್ಕೆ ಮಗನ ದುಡಿಮೆ. 1976ರಲ್ಲಿ ಜೀತ ರದ್ದು ಎಂದು ಕಾನೂನು ಬಂದರೂ, ಅದು ತಾತನ ಕಿವಿಗೆ ಬಿದ್ದದ್ದು ಎಷ್ಟೋ ತಡವಾಗಿ. ಒಂದು ರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು, ಒಲೆಯ ಮೇಲಿದ್ದ ರೊಟ್ಟಿಯನ್ನು ಹಾಗೇ ಬಟ್ಟೆಗೆ ಸುತ್ತಿಕೊಂಡು ಮದ್ದೂರಿನ ದಾರಿ ಹಿಡಿದರಂತೆ.

ನಾವು ಮೂವತ್ತು ದಾಟಿದವರು, ಚಿಕ್ಕಂದಿನಿಂದ ಪಸ್ಕದ ಕಥೆ ಕೇಳಿದವರು. ಹುಳಿಯಿಲ್ಲದ ರೊಟ್ಟಿಯಲ್ಲಿ ವಿಶೇಷವೇನು ಎಂದು ನಮಗೆ ಎಂದೂ ಹೊಳೆದಿರಲಿಲ್ಲ. ನಾವು ದಿನಾ ತಿನ್ನುವ ರಾಗಿರೊಟ್ಟಿಗೆ ಯಾರು ಹುಳಿ ಹಾಕುತ್ತಾರೆ? ಹಿಟ್ಟು ಉಬ್ಬಿ ಬರುವವರೆಗೂ ಕಾಯದೆ ಹೊರಟವರ ಊಟ ಅದು. ಇಡ್ಲಿ ಹಿಟ್ಟು ಹುದುಗು ಬರಲು ಒಂದು ರಾತ್ರಿ ಬೇಕು, ಆ ಒಂದು ರಾತ್ರಿ ಅವರಿಗಿರಲಿಲ್ಲ.

ಇದು ನಮ್ಮದೂ ಕಥೆ ಎಂದು ಹೇಳುವಾಗ ಒಂದು ಅಂಜಿಕೆಯೂ ಇದೆ. ಆ ಹಬ್ಬಗಳಿಗೆ ವಾರಸುದಾರರಿದ್ದಾರೆ, ಇವತ್ತೂ ಮಾಡುತ್ತಿದ್ದಾರೆ. ಕ್ರಿ.ಶ. 70ರಲ್ಲಿ ರೋಮಿನವರು ದೇವಾಲಯ ಕೆಡವಿದ ಮೇಲೆ ಪಸ್ಕವನ್ನು ಮನೆಯ ಊಟದ ಹಾಸಿನ ಮೇಲೆ ಉಳಿಸಿಕೊಂಡವರು ಅವರು. ಯುರೋಪಿನಲ್ಲಿ ಶುಭ ಶುಕ್ರವಾರ ಬಂತೆಂದರೆ ಯೆಹೂದ್ಯರು ಬಾಗಿಲು ಹಾಕಿಕೊಳ್ಳಬೇಕಾಗಿದ್ದ ಕಾಲವಿತ್ತು. ಯೇಸುವಿನ ಸಾವಿನ ಹೊಣೆಯನ್ನು ಅಷ್ಟೂ ಯೆಹೂದ್ಯರ ಮೇಲೆ ಹೊರಿಸಬಾರದು ಎಂದು ಕಥೋಲಿಕ ಸಭೆ ಬರೆದು ಹೇಳಿದ್ದು 1965ರಲ್ಲಿ. ಬೆಂಗಳೂರಿಗೆ ಹೋಗುವಾಗ ಮೈಸೂರು ರಸ್ತೆಯಲ್ಲಿ ಯೆಹೂದ್ಯರದೊಂದು ಪುಟ್ಟ ಸ್ಮಶಾನವಿದೆ. 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ನಮಗೆ ಕಟ್ಟೆ ಕಟ್ಟಿಸಿಕೊಟ್ಟ ಅದೇ ದೊರೆ. ಅವರ ಕೊಂಬನ್ನು ತಂದು ನಮ್ಮ ಮೈಕಿನ ಮುಂದೆ ಊದುವಾಗ ಅವರ ಮನೆಯವರು ಕೇಳಿಸಿಕೊಂಡರೆ ಏನೆನ್ನುತ್ತಾರೆ ಎಂದು ದೊಡ್ಡಪ್ಪನನ್ನು ಕೇಳಿದೆವು. "ಕೇಳಬೇಕಿತ್ತು" ಅಂದರು, ಅಷ್ಟೇ. ಚಪ್ಪರ ಮಾತ್ರ ಪ್ರತಿ ವರ್ಷ ಹಾಕುತ್ತಾರೆ. ಲೈಟು ಹಾಕುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಜ್ಜಿ ತೀರಿಕೊಂಡರು. ಕ್ರಿಸ್ಮಸ್ಸಿಗೆ ನಾವು ನಕ್ಷತ್ರ ಕಟ್ಟಲಿಲ್ಲ. ಸಾವಾದ ವರ್ಷ ಹಬ್ಬವಿಲ್ಲ ಎನ್ನುವುದು ಬೈಬಲ್ಲಿನದಲ್ಲ, ಊರಿನದು. ಆದರೂ ಮನಸ್ಸು ಬರಲಿಲ್ಲ.

ಮಂಡ್ಯದಲ್ಲಿ ನಮ್ಮ ಬೀದಿಯಲ್ಲೇ ಒಂದು ಮಲಯಾಳಿ ಕುಟುಂಬವಿದೆ, ಸಿರೋ ಮಲಬಾರ್ ಸಭೆಯವರು. 2010ರಿಂದ ಮಂಡ್ಯದ ಹೆಸರಿನಲ್ಲೇ ಆ ಸಭೆಯ ಧರ್ಮಪ್ರಾಂತ್ಯವಿದೆ. ಶುಭ ಶುಕ್ರವಾರದ ಹಿಂದಿನ ರಾತ್ರಿ ಅವರ ಮನೆಗಳಲ್ಲಿ ಪೆಸಹ. ಪಸ್ಕವೇ ಸುರಿಯಾನಿ ಭಾಷೆಯ ಬಾಯಿಂದ ಮಲಯಾಳಕ್ಕೆ ಬಂದು ಪೆಸಹ ಆಗಿದೆ. ಅಕ್ಕಿಹಿಟ್ಟಿಗೆ ಉದ್ದು ಸೇರಿಸಿ, ಹುಳಿ ಬರಿಸದೆ ಬೇಯಿಸಿದ ರೊಟ್ಟಿ. ಮೇಲೆ ಗರಿಗಳ ಭಾನುವಾರ ತಂದ ಗರಿಯ ಶಿಲುಬೆ. ಜೊತೆಗೆ ತೆಂಗಿನ ಹಾಲು, ಬೆಲ್ಲದ ಪಾನಕ. ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಮುರಿದು, ವಯಸ್ಸಿನ ಕ್ರಮದಲ್ಲಿ ಎಲ್ಲರಿಗೂ ಹಂಚುತ್ತಾರೆ.

ಈ ವರ್ಷ ಆ ರಾತ್ರಿ ಒಂಬತ್ತು ಗಂಟೆಗೆ ಆ ಮನೆಯ ಅಮ್ಮ ತಟ್ಟೆ ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬಂದರು. ಅವರಲ್ಲೊಂದು ಪದ್ಧತಿಯಂತೆ: ಸಾವಾದ ಮನೆಯವರು ಆ ವರ್ಷ ಪೆಸಹ ಬೇಯಿಸುವುದಿಲ್ಲ, ನೆಂಟರೋ ನೆರೆಯವರೋ ತಂದುಕೊಡಬೇಕು.

"ನಾವು ಪೆಸಹ ಮಾಡೋರಲ್ಲಮ್ಮ" ಅಂದೆವು.

"ಗೊತ್ತು. ಸಾವಾಗಿದೆ ಅಲ್ವಾ ಮನೇಲಿ?" ಅಂದು ತಟ್ಟೆ ಕೈಗಿಟ್ಟರು. ಆಮೇಲೆ, "ಬೆಲ್ಲ ನಿಮ್ಮ ಮಂಡ್ಯದ್ದೇ" ಅಂದರು.

ದೊಡ್ಡಪ್ಪನಿಗೆ ಫೋನ್ ಮಾಡಿ ವಿಷಯ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾಳೆ ಬೆಳಗ್ಗೆ ಬರುತ್ತೇನೆ, ನನಗೂ ಒಂದು ತುಂಡು ಇಟ್ಟಿರಿ ಅಂದರು.