ಹದಿನೈದು ಕಡ್ಡಿ



ಈ ಸಲ ಏಪ್ರಿಲ್ 14ರ ಕಾರ್ಯಕ್ರಮ ಮುಗಿದ ಮೇಲೆ ನಾನು ಊಟಕ್ಕೆ ಕೂರಲಿಲ್ಲ ಅಂತ ಕೆಲವರು ಬೇಜಾರು ಮಾಡ್ಕೊಂಡಿದ್ದೀರಿ. "ಅಣ್ಣ ದೊಡ್ಡವರಾಗ್ಬುಟ್ರು, ನಮ್ ಜೊತೆ ಉಣ್ಣಕಿಲ್ಲ" ಅಂತ ಒಬ್ಬ ಹುಡುಗ ಅಂದಿದ್ದು ನನ್ನ ಕಿವಿಗೂ ಬಿತ್ತು. ಸಹಪಂಕ್ತಿ ಭೋಜನ ಆಗಲಿ ಅಂತ ಊರೂರು ಸುತ್ತಿ ಬೈಸಿಕೊಂಡವನು ನಾನು. ಆ ಮಾತು ಎರಡು ರಾತ್ರಿ ನಿದ್ದೆ ಕೆಡಿಸಿತು. ಅದಕ್ಕೇ ಇದನ್ನ ಬರೀತಿದ್ದೀನಿ.

ಒಂದು ಮುದ್ದೆ ಉಣ್ಣೋಕೆ ನನಗೀಗ ಮುಕ್ಕಾಲು ಗಂಟೆ ಬೇಕು. ಪಕ್ಕದವರು ಉಂಡು ಎದ್ದು ಕೈ ತೊಳೆದುಕೊಂಡು ಬಂದಿರ್ತಾರೆ, ನಾನಿನ್ನೂ ನಾಲ್ಕನೇ ತುತ್ತಲ್ಲಿರ್ತೀನಿ. ಬಾಯಿ ಪಕ್ಕದಿಂದ ಸಾರು ಇಳಿಯುತ್ತೆ. ಕೆಮ್ಮು ಬಂದರೆ ಎಲ್ಲರೂ ತಿರುಗಿ ನೋಡ್ತಾರೆ. ನಾಚಿಕೆಯಾಗಿ ಎದ್ದು ಹೋದೆ, ಅಷ್ಟೇ.

2022ರಲ್ಲಿ ನನಗೆ ಕೆನ್ನೆ ಒಳಗೆ ಕ್ಯಾನ್ಸರ್ ಆಗಿದ್ದು ನಿಮಗೆಲ್ಲ ಗೊತ್ತು. ದುಡ್ಡು ಹಾಕಿ ಉಳಿಸಿದವರು ನೀವೇ. ಇಪ್ಪತ್ತು ವರ್ಷ ಎಲೆ ಅಡಿಕೆ, ಕಡ್ಡಿಪುಡಿ ಹಾಕಿದ ಬಾಯಿ ಇದು. ಧರಣಿ ಟೆಂಟಲ್ಲಿ ಹಸಿವು ತಡೆಯೋಕೆ ಅದೇ ಮದ್ದು ಅಂದ್ಕೊಂಡಿದ್ದೆ. (ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಅಗಿದರೂ ಕ್ಯಾನ್ಸರ್ ಬರುತ್ತೆ ಅನ್ನೋದು ಆಸ್ಪತ್ರೆಗೆ ಹೋದ ಮೇಲೆ ತಿಳೀತು. ಈಗಲೂ ಹಾಕ್ತಿರೋರು ಸಭೆಯಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು, ಹೆಸರು ಹೇಳಲ್ಲ.) ಆಪರೇಷನ್ ಆಯ್ತು, ಆರು ವಾರ ಮೂವತ್ತು ಸಲ ಕರೆಂಟ್ ಕೊಟ್ಟರು. ಗಡ್ಡೆ ಹೋಯ್ತು, ಮನೆಗೆ ಹೋಗಿ ಅಂದರು.

ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಇಂಗ್ಲಿಷ್‌ನಲ್ಲಿ ಒಂದು ಸಾಲು ಇತ್ತು: ದವಡೆ ವ್ಯಾಯಾಮ ಮುಂದುವರಿಸಿ. ಯಾವುದು, ಎಷ್ಟು ದಿನ, ಮಾಡದಿದ್ದರೆ ಏನಾಗುತ್ತೆ, ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಒಬ್ಬರು ಬಾಯಿ ತೆರೆದು ಮುಚ್ಚಿ ತೋರಿಸಿದರು, ಮುಂದಿನವರನ್ನ ಕರೆದರು. ನಾನು ನಾಲ್ಕು ತಿಂಗಳು ಅಷ್ಟೋ ಇಷ್ಟೋ ಮಾಡಿದೆ. ನೋವು ಕಮ್ಮಿಯಾಯ್ತು, ಭೂಮಿ ಹೋರಾಟ ಶುರುವಾಯ್ತು, ಬಿಟ್ಟೆ. ತಪ್ಪು ನನ್ನದೂ ಇದೆ.

ಎಂಟನೇ ತಿಂಗಳಲ್ಲಿ ಒಂದು ಮೆರವಣಿಗೆ. ಮೈಕ್ ಹಿಡಿದೆ. 'ಭೀಮ್' ಬಂತು, 'ಜೈ' ಸರಿಯಾಗಿ ಬರಲಿಲ್ಲ. ಭೀಮ್ ಅನ್ನೋಕೆ ತುಟಿ ಸಾಕು, ಜೈ ಅನ್ನೋಕೆ ದವಡೆ ಇಳೀಬೇಕು. ಜನ ಭಾವುಕನಾದೆ ಅಂದುಕೊಂಡು ಇನ್ನೂ ಜೋರಾಗಿ ಕೂಗಿದರು. ಮನೆಗೆ ಬಂದು ಕನ್ನಡಿ ಮುಂದೆ ಬೆರಳಿಟ್ಟು ನೋಡಿದೆ. ಸಾಮಾನ್ಯವಾಗಿ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮಧ್ಯೆ ಮೂರು ಬೆರಳು ಉದ್ದಕ್ಕೆ ಹಿಡೀಬೇಕು. ನನಗೆ ಒಂದೂವರೆ.

ಆಮೇಲೆ ನ್ಯುಮೋನಿಯಾ ಬಂತು. ನೀರು ಅನ್ನನಾಳಕ್ಕೆ ಹೋಗೋ ಬದಲು ಶ್ವಾಸಕ್ಕೆ ಇಳೀತಿತ್ತಂತೆ, ಕೆಲವು ಸಲ ಕೆಮ್ಮೂ ಬರದೆ. ಆಗಲೇ ನಾನು ಮೊದಲ ಸಲ ಸ್ಪೀಚ್ ಥೆರಪಿಸ್ಟ್ ಒಬ್ಬರನ್ನ ಕಂಡಿದ್ದು. ಮಾತು ಕಲಿಸೋರು ಅಂತ ಮಾತ್ರ ಗೊತ್ತಿತ್ತು, ನುಂಗೋದನ್ನೂ ಅವರೇ ಕಲಿಸ್ತಾರೆ ಅಂತ ಗೊತ್ತಿರಲಿಲ್ಲ. ನಮ್ಮ ಮೈಸೂರಲ್ಲೇ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಇಂಥವರನ್ನ ತಯಾರು ಮಾಡುತ್ತೆ. ಅದರ ಗೇಟಿನ ಮುಂದೆ ಎಷ್ಟು ಸಲ ಹೋಗಿದ್ದೀನೋ.

ಆ ಮೇಡಂ ಹೇಳಿದ್ದು ಇಷ್ಟು. ಕರೆಂಟ್ ಗಡ್ಡೆಯನ್ನ ಮಾತ್ರ ಸುಡಲ್ಲ. ಸುತ್ತಲಿನ ಸ್ನಾಯು ನಿಧಾನಕ್ಕೆ ನಾರಿನ ಥರ ಗಟ್ಟಿಯಾಗ್ತಾ ಹೋಗುತ್ತೆ, ಅದು ಚಿಕಿತ್ಸೆ ಮುಗಿದ ಮೇಲೂ ನಿಲ್ಲಲ್ಲ. ವರ್ಷಗಳ ನಂತರವೂ ಬಾಯಿ ಬಿಗೀಬಹುದು, ಗಂಟಲು ಸೋಲಬಹುದು. "ಎಷ್ಟು ದಿನ ಮಾಡ್ಬೇಕು ಮೇಡಂ?" ಅಂದೆ. "ದಿನಾ ಹಲ್ಲುಜ್ಜೋದು ಎಷ್ಟು ದಿನ ಸರ್?" ಅಂದರು.

ದವಡೆಗೆ ದುಬಾರಿ ಉಪಕರಣ ಇದೆಯಂತೆ. ನನಗೆ ಕೊಟ್ಟಿದ್ದು ಐಸ್‌ಕ್ರೀಂ ಕಡ್ಡಿ. ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟು, ಎಳೆತ ಗೊತ್ತಾಗೋವರೆಗೆ, ಕಿತ್ತುಹೋಗೋ ನೋವಾಗದ ಹಾಗೆ, ಅರ್ಧ ನಿಮಿಷ ಹಿಡಿಯೋದು. ದಿನಕ್ಕೆ ಮೂರು ಹೊತ್ತು. ಹತ್ತು ಕಡ್ಡಿಯಿಂದ ಶುರು ಮಾಡಿದೆ. ಹನ್ನೊಂದನೆಯದು ಒಳಗೆ ಹೋಗೋಕೆ ಮೂರು ವಾರ ಬೇಕಾಯ್ತು. "ಕಡ್ಡಿಪುಡೀಲಿ ಹೋದ ಬಾಯಿ ಕಡ್ಡೀಲಿ ಬತ್ತಾ ಅದೆ" ಅಂತ ನನ್ನ ಹೆಂಡತಿ ನಗ್ತಾಳೆ. ಇವತ್ತಿಗೆ ಹದಿನೈದು.

ನುಂಗೋದು ಇನ್ನೂ ಕಷ್ಟ. ನಾಲಿಗೆ ತುದಿಯನ್ನ ಹಲ್ಲಲ್ಲಿ ಹಿಡಿದು ಬರೀ ಎಂಜಲು ನುಂಗಬೇಕು. ನುಂಗುವಾಗ ಗಂಟಲಿನ ಉಬ್ಬು ಮೇಲೆ ಹೋಗುತ್ತಲ್ಲ, ಅದನ್ನ ಅಲ್ಲೇ ಎರಡು ಮೂರು ಸೆಕೆಂಡ್ ನಿಲ್ಲಿಸಬೇಕು. ಆದರೆ ಎಂಜಲೆಲ್ಲಿದೆ? ಜೊಲ್ಲು ಗ್ರಂಥಿ ಕರೆಂಟಿಗೆ ಒಣಗಿದೆ. ಪೇಶ್ವೆ ಕಾಲದ ಪುಣೆಯಲ್ಲಿ ನಮ್ಮವರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು ಅಂತ ಬಾಬಾಸಾಹೇಬರು ಬರೆದಿದ್ದಾರೆ. ನಾನು ಆ ಒಂದು ಹನಿ ಎಂಜಲಿಗಾಗಿ ಬಾಟಲಿ ಹಿಡಿದು, ನೀರಲ್ಲಿ ತುಟಿ ಒದ್ದೆ ಮಾಡಿಕೊಂಡು ಕಾಯ್ತೀನಿ.

ಇನ್ನೊಂದು ಪಾಠ: ನೀರು ಕುಡಿಯುವಾಗ ಗದ್ದ ಎದೆಗೆ ತಾಗೋ ಹಾಗೆ ತಲೆ ಬಗ್ಗಿಸಿ. ಯಾರ ಮುಂದೆಯೂ ತಲೆ ಬಗ್ಗಿಸಬೇಡಿ ಅಂತ ಮೂವತ್ತು ವರ್ಷ ಭಾಷಣ ಮಾಡಿದವನಿಗೆ! ಲೋಟಕ್ಕೆ ಮಾತ್ರ ಬಗ್ಗಿಸ್ತೀನಿ ಮೇಡಂ ಅಂದೆ. (ನನ್ನ ಗಂಟಲು ಪರೀಕ್ಷೆ ಮಾಡಿ ನನಗೆ ಹೇಳಿಕೊಟ್ಟಿದ್ದು ಇದು. ಓದಿಕೊಂಡು ನೀವೇ ಶುರು ಮಾಡಬೇಡಿ, ತೋರಿಸಿಕೊಂಡು ಮಾಡಿ.)

ಮುದ್ದೆ ಕಥೆಯೂ ಹೇಳ್ಬೇಕು. ಮುದ್ದೆ ಅಗಿಯೋದಲ್ಲ, ನುಂಗೋದು ಅಂತ ನಮ್ಮವ್ವ ಕಲಿಸಿದ್ದು. ಈಗ ನೀರಿಗಿಂತ ಅಂಬಲಿಯೇ ನನಗೆ ಸಲೀಸು. ನೀರು ಬೇಗ ಜಾರುತ್ತೆ, ಅಂಬಲಿ ನಿಧಾನಕ್ಕೆ ಇಳಿಯುತ್ತೆ, ಗಂಟಲಿಗೆ ಟೈಮ್ ಸಿಗುತ್ತೆ. ಅಂಬಲಿಯಿಂದ ಗಂಜಿ, ಗಂಜಿಯಿಂದ ಮೆತ್ತನೆ ಮುದ್ದೆ. ಗೋಲಿ ಗಾತ್ರ ಮಾಡಿ, ಸಾರಲ್ಲಿ ಮುಳುಗಿಸಿ, ಒಂದು ಪೂರ್ತಿ ಇಳಿದ ಮೇಲೆ ಇನ್ನೊಂದು. ಮೊದಲ ಗೋಲಿ ಇಳಿದ ದಿನ ನಾನು ಅತ್ತೆ. ಬಾಡಿನೆಸರು ಖಾರ ಇತ್ತು ಅಂತ ಸುಳ್ಳು ಹೇಳಿದೆ.

ನನ್ನ ಜೊತೆ ಕರೆಂಟ್ ಇಡಿಸಿಕೊಳ್ಳೋಕೆ ಬೆಂಚಲ್ಲಿ ಕೂರ್ತಿದ್ದ ಒಬ್ಬರು ಪೌರಕಾರ್ಮಿಕ ಅಣ್ಣ ಇದ್ದರು. ನಾತ ತಡೆಯೋಕೆ ಹೊಗೆಸೊಪ್ಪು ಹಾಕಿದ ಬಾಯಿ. ಮೊನ್ನೆ ನೋಡೋಕೆ ಹೋಗಿದ್ದೆ. ಒಂದು ಬೆರಳೂ ಕಷ್ಟ. ಸ್ಟ್ರಾ ಹಾಕಿ ಗಂಜಿ ಕುಡೀತಾರೆ. ಮತ್ತೆ ಆಸ್ಪತ್ರೆಗೆ ಹೋಗೋಣ ಬನ್ನಿ ಅಂದರೆ ಒಂದು ದಿನದ ಕೂಲಿ ಲೆಕ್ಕ ಹಾಕಿದರು. ಅವರ ಚೀಟಿಯಲ್ಲೂ ಅದೇ ಇಂಗ್ಲಿಷ್ ಸಾಲು. ಅವರಿಗೆ ಓದೋಕೆ ಬರಲ್ಲ. ಆಪರೇಷನ್ನಿಗೆ ನಾವು ಚಂದಾ ಎತ್ತುತ್ತೀವಿ, ಫೋಟೋ ಹಾಕ್ತೀವಿ. ಆಮೇಲೆ ಆ ಮನುಷ್ಯ ಉಣ್ತಾ ಇದ್ದಾನಾ ಅಂತ ಕೇಳಿದ್ದೀವಾ? ನಾನೂ ಕೇಳಿರಲಿಲ್ಲ.

ಸೋಮವಾರ ಅವರನ್ನ ಮೈಸೂರಿಗೆ ಕರ್ಕೊಂಡು ಹೋಗ್ತಿದ್ದೀನಿ. ಯಾರಾದರೂ ಬೈಕ್ ಇರೋರು ಬಸ್‌ಸ್ಟ್ಯಾಂಡ್‌ವರೆಗೆ ಬಿಟ್ಟರೆ ಸಾಕು. ನಿಮ್ಮ ಕೇರಿಯಲ್ಲಿ ಬಾಯಿ, ಗಂಟಲಿಗೆ ಕರೆಂಟ್ ಇಡಿಸಿಕೊಂಡವರಿದ್ದರೆ ಮೂರು ಬೆರಳಿನ ಪರೀಕ್ಷೆ ಹೇಳಿ, ನನಗೂ ತಿಳಿಸಿ.

ಆ ಹುಡುಗನಿಗೆ: ಮುಂದಿನ ತಿಂಗಳು ಭವನದಲ್ಲಿ ಸಭೆ ಇದೆಯಲ್ಲಪ್ಪ, ನಾನು ಮೊದಲನೇ ಪಂಕ್ತಿಗೇ ಕೂರ್ತೀನಿ. ಕೊನೇ ಪಂಕ್ತಿಯವರ ಜೊತೆ ಏಳ್ತೀನಿ. ಪಕ್ಕದಲ್ಲಿ ನೀನು ಕೂತ್ಕೊ. ಉಣ್ಣುವಾಗ ಮಾತಾಡಿಸಬೇಡ, ನೆತ್ತಿಗೆ ಹತ್ತುತ್ತೆ.

ಒಂಬತ್ತೂವರೆ ಆಯ್ತು. ಮೂರನೇ ಸುತ್ತು ಬಾಕಿ ಇದೆ, ಮಗಳು ಕಡ್ಡಿ ಡಬ್ಬ ಹಿಡ್ಕೊಂಡು ನಿಂತವಳೆ.

ಜೈಭೀಮ್.