ಅಟ್ಟದ ಜಂತೆಗಳು ಕಲಿಸಿದ ಪಾಠ

“ಮೋನೇ, ಅಟ್ಟದಲ್ಲಿ ಯಾರಾದರೂ ಇದ್ದಾರಾ?”

2018ರ ಆಗಸ್ಟ್ ತಿಂಗಳ ಒಂದು ರಾತ್ರಿ ಉಮ್ಮ ಹೀಗೆ ಕೇಳಿದಾಗ ಅಟ್ಟದಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಕಾಫಿ ಮೂಟೆಗಳು ಮಾತ್ರ. ಆ ವರ್ಷದ ಮಳೆ ಮತ್ತು ಭೂಕುಸಿತವನ್ನು ಕೊಡಗಿನಲ್ಲಿ ಮರೆತವರು ಯಾರಿದ್ದಾರೆ? ವಿರಾಜಪೇಟೆ ಸಮೀಪದ ನಮ್ಮ ಊರಿನಲ್ಲಿ ಗುಡ್ಡ ಕುಸಿಯಲಿಲ್ಲ. ಆದರೆ ಮೂಟೆ ಇಟ್ಟಿದ್ದ ಕೊಟ್ಟಿಗೆಗೆ ನೀರು ನುಗ್ಗಿತ್ತು. ಒಳ್ಳೆಯ ಬೆಲೆ ಬರಲೆಂದು ಕಾದಿಟ್ಟಿದ್ದ ನಮ್ಮ ಮತ್ತು ನೆರೆಮನೆಯವರ 30 ಮೂಟೆ ಒಣ ಕಾಫಿಯನ್ನು ನಾನೂ ತಮ್ಮನೂ ಸಂಜೆ ಅಟ್ಟಕ್ಕೆ ಹೊತ್ತಿದ್ದೆವು. ಅಟ್ಟದ ಕೆಳಗಿನ ಕೋಣೆಯಲ್ಲಿ ಉಮ್ಮ ಮಲಗುತ್ತಿದ್ದರು.

ಟಾರ್ಚ್ ಹಾಕಿ ಮೇಲೆ ನೋಡಿದೆ. ನಡುವಿನ ಒಂದು ಜಂತೆ ಕೆಳಕ್ಕೆ ಬಾಗಿ, ಅಡಿಯಲ್ಲಿ ಬಿರುಕು ಬಿಟ್ಟಿತ್ತು. ಉಮ್ಮನನ್ನು ಪಡಸಾಲೆಗೆ ಕರೆದುಕೊಂಡು ಹೋಗಿ ಮಲಗಿಸಿದೆವು. ಜಂತೆಗೆ ಕಂಬವೊಂದನ್ನು ಆನಿಸಿ ನಿಲ್ಲಿಸಿ, ಬೆಳಗಿನ ಬಾಂಗ್ ಆಗುವವರೆಗೂ ಮೂಟೆ ಇಳಿಸಿದೆವು. ಅಲ್ಲಾಹನ ದಯೆಯಿಂದ ಯಾರಿಗೂ ಏನೂ ಆಗಲಿಲ್ಲ.

ಆದರೆ ನನ್ನ ಮನಸ್ಸು ನನ್ನನ್ನು ಬಿಡಲಿಲ್ಲ. ಏಕೆಂದರೆ ತಪ್ಪು ನನ್ನದೇ. 2009ರಲ್ಲಿ ಆ ಅಟ್ಟವನ್ನು ಹೊಸದಾಗಿ ಮಾಡಿಸಿದವನು ನಾನು. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಹಲಗೆಯ ಕೆಳಗೆ ಗೋಡೆಯಿಂದ ಗೋಡೆಗೆ ಹಾಕುವ ಜಂತೆಗಳು ಒಂದೂವರೆ ಅಡಿಗೊಂದರಂತೆ 7 ಬೇಕೆಂದು ಆಚಾರಿ ಹೇಳಿದ್ದರು. “ಮರಕ್ಕೆ ಎಷ್ಟು ಬೆಲೆ ಗೊತ್ತಾ ಆಚಾರಿಯವರೇ? ನಾಲ್ಕು ಸಾಕು” ಎಂದೆ. ಉಳಿದ ಹಣದಲ್ಲಿ ಮುಂಬಾಗಿಲಿಗೆ ಕೆತ್ತನೆ ಮಾಡಿಸಿದೆ. ಬಂದವರೆಲ್ಲ ಬಾಗಿಲನ್ನು ಹೊಗಳಿದರು.

ಮಳೆ ನಿಂತ ಮೇಲೆ ಅದೇ ಆಚಾರಿಯನ್ನು ಕರೆಸಿದೆ. ಅವರು ನನ್ನನ್ನು ಬೈಯಲಿಲ್ಲ. “ಉಸ್ತಾದ್ರೇ, ಮಕ್ಕಳಿಗೆ ಗೆರೆ ಹಾಕಿಸುವ ಮರದ ಸ್ಕೇಲ್ ಕೊಡಿ” ಎಂದರು. ಅದನ್ನು ಎರಡು ಪುಸ್ತಕಗಳ ಮೇಲೆ ಮಲಗಿಸಿ ನಡುವೆ ಬೆರಳೊತ್ತಿದರು. ಬಾಗಿತು. ಅಂಚಿನ ಮೇಲೆ ನಿಲ್ಲಿಸಿ ಒತ್ತಿದರು. ಬಾಗಲಿಲ್ಲ. ಜಂತೆಯ ಗುಟ್ಟು ಇಷ್ಟೇ. 3 ಇಂಚು ದಪ್ಪ, 6 ಇಂಚು ಅಗಲದ ಮರವನ್ನು ಮಲಗಿಸುವ ಬದಲು ನಿಲ್ಲಿಸಿ ಹಾಕಿದರೆ ಅದರ ಬಲ ಎರಡು ಪಟ್ಟು, ಬಾಗದೆ ನಿಲ್ಲುವ ಗುಣ ನಾಲ್ಕು ಪಟ್ಟು ಆಗುತ್ತದೆ. ಮರವೂ ಅದೇ, ಖರ್ಚೂ ಅದೇ. ಎತ್ತರ 6ರಿಂದ 7 ಇಂಚಿಗೆ ಏರಿದರೆ ಬಾಗದೆ ನಿಲ್ಲುವ ಗುಣ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ನಾನು ಬಿ.ಎ. ಓದಿದವನು, ಲೆಕ್ಕ ನನ್ನ ವಿಷಯವಲ್ಲ. ಆದರೂ ಅಂದು ಕುಳಿತು ಲೆಕ್ಕ ಹಾಕಿದೆ. 50 ಕಿಲೋದ ಒಂದು ಮೂಟೆ ಸುಮಾರು 6 ಚದರ ಅಡಿ ಜಾಗ ಹಿಡಿಯುತ್ತದೆ. ಒಂದರ ಮೇಲೊಂದರಂತೆ ಮೂರು ಇಟ್ಟರೆ ಚದರ ಅಡಿಗೆ 25 ಕಿಲೋ. ವಾಸದ ಕೋಣೆಯ ನೆಲಕ್ಕೆ ಭಾರತೀಯ ಮಾನಕ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ, ಅಂದರೆ ಚದರ ಅಡಿಗೆ 19 ಕಿಲೋಗೂ ಕಡಿಮೆ. ನಾನು 4 ಜಂತೆ ಹಾಕಿಸಿದ್ದರಿಂದ ನಡುವಿನ ಅಂತರ 2.4 ಅಡಿ ಆಗಿತ್ತು. ಮೂಟೆಗಳ ಕೆಳಗಿನ ಪ್ರತಿ ಜಂತೆಯ ಪಾಲಿಗೆ 24 ಚದರ ಅಡಿ, ಅಂದರೆ 600 ಕಿಲೋ! ಆಚಾರಿ ಹೇಳಿದಂತೆ 7 ಹಾಕಿದ್ದರೆ ಅದು 375 ಕಿಲೋ ಆಗುತ್ತಿತ್ತು. ಅಂತರ ಹೆಚ್ಚಾದಾಗ ಜಂತೆ ಮಾತ್ರವಲ್ಲ, ಒಂದು ಇಂಚಿನ ಹಲಗೆಯೂ ಕಾಲಿಟ್ಟಲ್ಲಿ ಕುಗ್ಗುತ್ತದೆ.

ಬಿರುಕು ಬಿಟ್ಟ ಜಂತೆಯನ್ನು ಇಳಿಸಿ ನೋಡಿದಾಗ ಇನ್ನೆರಡು ಸಂಗತಿ ತಿಳಿದವು. ನಡುಭಾಗದಲ್ಲಿ ಕೆಳಗಿನ ಅಂಚಿಗೇ ಒಂದು ದೊಡ್ಡ ಗಂಟು ಇತ್ತು. ಭಾರ ಬಿದ್ದಾಗ ಮರದ ಅಡಿಭಾಗ ಎಳೆತಕ್ಕೆ ಸಿಗುವುದರಿಂದ ಬಿರುಕು ಹುಟ್ಟಿದ್ದು ಅಲ್ಲಿಯೇ. ಗೋಡೆಯೊಳಗೆ ಗಾರೆಯಲ್ಲಿ ಹೂತಿದ್ದ ತುದಿಯನ್ನು ಗೆದ್ದಲು ತಿಂದಿತ್ತು. ತುದಿ ಕಲ್ಲಿನ ಮೇಲೆ ಕೂರಬೇಕು, ಸುತ್ತ ಗಾಳಿಯಾಡಲು ಸ್ವಲ್ಪ ಜಾಗ ಬಿಡಬೇಕು, ಮೊದಲೇ ಗೇರೆಣ್ಣೆ ಬಳಿಯಬೇಕು ಎಂದರು ಆಚಾರಿ.

ತೋಟದ ಸಿಲ್ವರ್ ಓಕ್ ಕಡಿಸಿ ಕೊಡಲೇ ಎಂದು ಕೇಳಿದೆ. “ಅದು ಬೇಗ ಹುಳ ಹಿಡಿಯುವ ಮರ. ಭಾರ ಹೊರಲು ಹೊನ್ನೆ, ಮತ್ತಿ ಅಥವಾ ಬಲಿತ ಹಲಸು ಇರಲಿ. ಹಸಿ ಮರವಂತೂ ಬೇಡ. ಭಾರ ಹೊತ್ತುಕೊಂಡೇ ಒಣಗಿದರೆ ಬಾಗಿದ್ದು ಬಾಗಿದ ಹಾಗೇ ನಿಂತುಬಿಡುತ್ತದೆ” ಎಂದರು. ಒಣಗಿದ ಹೊನ್ನೆ ತರಿಸಿದೆ. ಒಡೆದ ಜಂತೆಯನ್ನು ಬದಲಿಸಿ, ಉಳಿದ ಮೂರರ ತುದಿಗಳನ್ನು ಪರೀಕ್ಷಿಸಿ, ಎರಡೆರಡರ ನಡುವೆ ಮತ್ತು ಗೋಡೆಯ ಪಕ್ಕದ ಸಂದುಗಳಲ್ಲಿ ಹೊಸದನ್ನು ಸೇರಿಸಿದಾಗ ಒಟ್ಟು 9 ಆಯಿತು. ಅಂತರ 1.2 ಅಡಿಗೆ ಇಳಿಯಿತು. ಕೊನೆಗೆ ಆಚಾರಿ ಅಟ್ಟದ ನಡುವೆ ಒಂದು ಲೋಟ ನೀರಿಟ್ಟು, ತಮ್ಮನನ್ನು ಪಕ್ಕದಲ್ಲಿ ನಡೆಸಿದರು. ನೀರು ತುಳುಕಲಿಲ್ಲ.

ಆ ರಾತ್ರಿ ಉಮ್ಮ ಮತ್ತೆ ತನ್ನ ಕೋಣೆಯಲ್ಲಿ ಮಲಗಿದರು. ಮೇಲೆ ನೋಡುತ್ತಾ ಜಂತೆಗಳನ್ನು ಒಂದೊಂದಾಗಿ ಎಣಿಸಿ, “ಆಗಲೇ ಇಷ್ಟು ಹಾಕಿದ್ದರೆ ಆಗುತ್ತಿರಲಿಲ್ಲವೇ ಮೋನೇ?” ಎಂದರು. ನಾನು ತಲೆ ತಗ್ಗಿಸಿದೆ.

ಓದುಗ ಸಹೋದರ ಸಹೋದರಿಯರೇ, ಮನೆಗೆ ಅಟ್ಟ ಹಾಕಿಸುವಾಗ ಅದರ ಮೇಲೆ ಏನಿಡುತ್ತೀರೆಂದು ಆಚಾರಿಗೆ ಮೊದಲೇ ಹೇಳಿ. ಅವರು ಕೇಳುವ ಜಂತೆಗಳ ಲೆಕ್ಕದಲ್ಲಿ ಚೌಕಾಸಿ ಮಾಡಬೇಡಿ. ಉಳಿಸಲೇಬೇಕಿದ್ದರೆ ಬಾಗಿಲಿನ ಕೆತ್ತನೆಯಲ್ಲಿ ಉಳಿಸಿ. ಬಾಗಿಲನ್ನು ನೋಡುವವರು ಅತಿಥಿಗಳು. ಜಂತೆಯ ಕೆಳಗೆ ಮಲಗುವವರು ನಮ್ಮವರು.