ಈ ಫೈಲ್ ಎಲ್ಲಿಡೋದು?

ಕಳೆದ ತಿಂಗಳು ಒಂದು ರಾತ್ರಿ ಅಮ್ಮ ಫೋನ್ ಮಾಡಿದ್ಲು. "ಇನ್ನೂ ಆಫೀಸಲ್ಲೇ ಇದೀಯೇನೋ? ಏನ್ ಮಾಡ್ತಿದೀಯ?"

"ಒಂದು ಫೈಲನ್ನ ಯಾವ ಫೋಲ್ಡರಲ್ಲಿ ಇಡೋದು ಅಂತ ಯೋಚಿಸ್ತಿದೀನಿ."

ಒಂದು ಕ್ಷಣ ಸುಮ್ಮನಿದ್ದು, "ಅದಕ್ಕೂ ಸಂಬಳ ಕೊಡ್ತಾರಾ?" ಅಂದ್ಲು.

ಕೊಡ್ತಾರೆ. ಯಾಕೆ ಅಂತ ಅವತ್ತು ಹೇಳೋಕಾಗಲಿಲ್ಲ.

ನನ್ನ ಕೆಲಸ ಲಿನಕ್ಸ್ ಕರ್ನಲ್ ಮೇಲೆ. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ರೆ ಅದರ ತಳದಲ್ಲಿರೋದೂ ಇದೇ. ನಾವು ಮಾಡೋದು ಅಂಗಡಿಯಲ್ಲಿ ಬಿಲ್ ಹಾಕೋ ಪುಟ್ಟ ಮೆಷಿನ್. ಅದರೊಳಗೆ ಉಗುರಿನಷ್ಟು ಅಗಲದ ಒಂದು ಪವರ್ ಚಿಪ್. ಬ್ಯಾಟರಿ ಚಾರ್ಜ್ ಮಾಡೋದು, ಪ್ರೊಸೆಸರ್‌ಗೊಂದು ಸ್ಕ್ರೀನ್‌ಗೊಂದು ವೋಲ್ಟೇಜ್ ಕೊಡೋದು, ಪವರ್ ಬಟನ್ ಒತ್ತಿದ್ರೆ ತಿಳಿಸೋದು, ಎಲ್ಲಾ ಅದೇ. ನಾನೂ ಎಲ್ಲವನ್ನೂ ಸೇರಿಸಿ ಒಂದೇ ಡ್ರೈವರ್ ಬರೆದಿದ್ದೆ, 1,400 ಸಾಲು. "ಮಿಸ್ಕ್ ಫೋಲ್ಡರ್‌ಗೆ ಹಾಕಿ ಮುಗಿಸಿ" ಅಂದ್ರು ಮ್ಯಾನೇಜರ್. ಮಿಸ್ಕ್ ಅಂದ್ರೆ ಕರ್ನಲ್‌ನ ಅಟ್ಟ. ಎಲ್ಲೂ ಸೇರದ್ದು ಅಲ್ಲಿಗೆ.

ಹಿಂದಿನ ಮೆಷಿನ್‌ನಲ್ಲಿ ಹಾಗೇ ಮಾಡಿ ಕೈ ಸುಟ್ಟುಕೊಂಡಿದ್ದೆ. ಬ್ಯಾಟರಿ ಎಷ್ಟಿದೆ ಅಂತ ಮೇಲಿನ ಸಾಫ್ಟ್‌ವೇರ್ ಹುಡುಕೋದು 'ಪವರ್ ಸಪ್ಲೈ' ಅನ್ನೋ ಒಂದು ಗೊತ್ತಾದ ಜಾಗದಲ್ಲಿ. ನನ್ನ ಡ್ರೈವರ್ ಅದನ್ನ ತನ್ನದೇ ಒಂದು ಫೈಲಲ್ಲಿ ಬರೀತಿತ್ತು. ಎರಡನ್ನೂ ಜೋಡಿಸೋಕೆ ನಮ್ಮದೊಂದು ಸಣ್ಣ ಸ್ಕ್ರಿಪ್ಟ್. ಮುಂದಿನ ಅಪ್‌ಡೇಟ್‌ನಲ್ಲಿ ಆ ಸ್ಕ್ರಿಪ್ಟ್ ಬಿಟ್ಟುಹೋಯ್ತು. ಚಾರ್ಜ್ ಮುಗೀತಾ ಬಂದಿದ್ದು ಮೆಷಿನ್‌ಗೆ ಗೊತ್ತೇ ಆಗದೆ, ಬರೀತಾ ಬರೀತಾನೇ ದಢಕ್ಕನೆ ಆಫ್. ಒಂದು ಅಂಗಡಿಯ ಇಡೀ ದಿನದ ಬಿಲ್‌ಗಳು ಹೋದವು. "ಸಂಜೆ ಮಾಲೀಕರಿಗೆ ಏನ್ ಲೆಕ್ಕ ಕೊಡ್ಲಿ ಸಾರ್?" ಅಂತ ಫೋನಲ್ಲಿ ಕೇಳಿದ ಹುಡುಗನ ದನಿ ಇನ್ನೂ ನೆನಪಿದೆ.

ಕಂಪೈಲರ್‌ಗೇನೋ ಯಾವ ಫೋಲ್ಡರ್ ಆದ್ರೂ ಒಂದೇ. ಮಿಸ್ಕ್‌ನಲ್ಲಿ ಇದ್ದುಕೊಂಡೇ ಸರಿಯಾಗಿ ಬರೆಯಬಹುದಿತ್ತು, ತಪ್ಪು ನನ್ನದೇ. ಆದ್ರೆ ಕರ್ನಲ್‌ನಲ್ಲಿ ಫೋಲ್ಡರ್ ಅಂದ್ರೆ ಅದನ್ನ ನೋಡ್ಕೊಳ್ಳೋ ಜನ. ಯಾವ ಜಾಗಕ್ಕೆ ಯಾರು ಅಂತ ಮೇಂಟೇನರ್ಸ್ ಅನ್ನೋ ಫೈಲಲ್ಲಿ ಪಟ್ಟಿಯೇ ಇದೆ. ಬ್ಯಾಟರಿ ಕೋಡ್ ಬ್ಯಾಟರಿಯವರ ಕೈಗೆ ಹೋಗಿದ್ರೆ, "ಇದ್ಯಾಕೆ ಬೇರೆ ಫೈಲು?" ಅಂತ ಮೊದಲ ದಿನವೇ ಕೇಳ್ತಿದ್ರು.

ಈ ಸಲ ಬೇರೆಯವರು ಹೇಗಿಟ್ಟಿದಾರೆ ಅಂತ ನೋಡಿದೆ. ಎಎಕ್ಸ್‌ಪಿ209 ಅಂತ ನಮ್ಮಂಥದ್ದೇ ಒಂದು ಚಿಪ್ ಇದೆ. ಅದರ ಮೂಲ ಡ್ರೈವರ್ ಎಂಎಫ್‌ಡಿ ಫೋಲ್ಡರಲ್ಲಿ, ವೋಲ್ಟೇಜ್ ಭಾಗ ರೆಗ್ಯುಲೇಟರಲ್ಲಿ, ಬ್ಯಾಟರಿ ಪವರ್ ಸಪ್ಲೈನಲ್ಲಿ, ಬಟನ್ ಇನ್‌ಪುಟ್‌ನಲ್ಲಿ. ಚಿಪ್ ಜೊತೆ ಎಲ್ಲರೂ ಮಾತಾಡೋದು ಮೂಲ ಡ್ರೈವರ್ ಮೂಲಕವೇ, ಹಾಗಾಗಿ ಒಬ್ಬರ ಕಾಲು ಒಬ್ಬರು ತುಳಿಯಲ್ಲ.

ಚಿಪ್ ಕಂಪನಿಗಳ ಹೆಸರಿನ ಫೋಲ್ಡರ್‌ಗಳೂ ಇವೆ, ಅಲ್ಲಿ ತುರುಕೋ ಆಸೆಯೂ ಆಯ್ತು. ಚಿಪ್‌ನ ಬೇಡದ ಭಾಗಗಳಿಗೆ ಕರೆಂಟ್ ನಿಲ್ಲಿಸೋ ಪವರ್ ಡೊಮೇನ್ ಡ್ರೈವರ್‌ಗಳು ಎಷ್ಟೋ ವರ್ಷ ಹಾಗೇ ಕಂಪನಿಗೊಂದು ಕಡೆ ಚದುರಿದ್ದವು. 2023ರಲ್ಲಿ ಅವುಗಳಲ್ಲಿ ಬಹಳಷ್ಟನ್ನ ಒಂದೇ ಫೋಲ್ಡರ್‌ಗೆ ತಂದ್ರು. ಮೊದಲು ಜೆನ್‌ಪಿಡಿ ಅಂತ ಹೆಸರಿಟ್ರು. ಲಿನಸ್ ಟೊರ್ವಾಲ್ಡ್ಸ್‌ಗೆ ಹಿಡಿಸಲಿಲ್ಲ, ಪಿಎಂಡೊಮೇನ್ ಆಯ್ತು. ಅಂಥವರೇ ಹೀಗೆ ತಲೆ ಕೆಡಿಸ್ಕೊಂಡಿರುವಾಗ ನನ್ನದೊಂದು ರಾತ್ರಿ ಯಾವ ಲೆಕ್ಕ!

ಡ್ರೈವರ್ ಒಡೆಯೋಕೆ ಎರಡು ವಾರ ಬೇಕು ಅಂದಾಗ ಮ್ಯಾನೇಜರ್ ಮುಖ ಗಂಟಿಕ್ಕಿದ್ರು. ಆ ಅಂಗಡಿಯ ದೂರಿನ ಮೇಲ್ ತೆಗೆದು ತೋರಿಸಿದೆ. ಹತ್ತು ದಿನ ಸಿಕ್ತು. ಮೊನ್ನೆ ಟೆಸ್ಟ್‌ನಲ್ಲಿ ಬ್ಯಾಟರಿ ಶೇ. 3ಕ್ಕೆ ಇಳಿದಾಗ ಮೆಷಿನ್ ಬಿಲ್ ಉಳಿಸಿ ತಾನಾಗೇ ಮಲಗ್ತು, ಯಾವ ಸ್ಕ್ರಿಪ್ಟೂ ಇಲ್ಲದೆ.

ಅಮ್ಮನಿಗೆ ಹೇಳಿದೆ, "ನಾಲ್ಕು ತುಂಡು ಮಾಡಿ ನಾಲ್ಕು ಕಡೆ ಇಟ್ಟೆ."

"ಅಯ್ಯೋ, ಆಮೇಲೆ ಹುಡುಕೋರ್ಯಾರೋ?"